ಅಮೆರಿಕದವನು, ನಾನು ಮತ್ತು ಕುಸ್ತಿಯ ಮೈಕು

ಜಗತ್ತಿನಲ್ಲಿ ಆಗುವುದಕ್ಕೆ ಮೊದಲೇ ಮಾತಾಡುವವರು ಕೆಲವರು, ಆದ ಮೇಲೆ ಮಾತಾಡುವವರು ಕೆಲವರು. ಮೊದಲಿನವರಿಗೆ ಹಾರ, ಶಾಲು, ಮುಂದಿನ ಸಾಲಿನ ಕುರ್ಚಿ ಸಿಗುತ್ತವೆ. ಎರಡನೆಯವರಿಗೆ ಆರಿದ ಸಾರು ಸಿಗುತ್ತದೆ. ನಾನು ಆರಿದ ಸಾರಿನ ಗುಂಪಿನವನು. ಇದನ್ನು ಯಾರೂ ತಪ್ಪೊಪ್ಪಿಗೆ ಎಂದು ತಿಳಿಯಬಾರದು. ಇದು ಘೋಷಣೆ. ನನ್ನ ಹೆಂಡತಿ ಗಿರಿಜಾ ತಾಟಿನಲ್ಲಿ ರೊಟ್ಟಿ ಹಾಕಿ, ಬಟ್ಟಲಲ್ಲಿ ಸಾರು ಸುರಿದು, ನಾನು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ, "ಹೆಂಗ ಆಗೇತ್ರಿ?" ಎನ್ನುತ್ತಾಳೆ. ನಾನು, "ತಡಿ, ಇನ್ನೊಂದ್ ತುತ್ತು ಉಣ್ತೇನಿ" ಎನ್ನುತ್ತೇನೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ನಡೆದಿರುವ ಜಗಳವೆಂದರೆ ಇದೊಂದೇ. ಉಳಿದ ಜಗಳಗಳೆಲ್ಲ ಇದರ ಶಾಖೆಗಳು. "ನಾ ಏನ್ ಮುಖ್ಯಮಂತ್ರಿ ರಾಜೀನಾಮೆ ಕೊಟ್ರೇನು ಅಂತ ಕೇಳೇನೇನ್ರಿ? ಸಾರು ಹೆಂಗ ಆಗೇತಿ ಅಂತ ಕೇಳೇನಿ!" ಎಂದು ಅವಳು. ಎರಡೂ ಸುದ್ದಿಯೇ, ಎರಡಕ್ಕೂ ನಿಯಮ ಒಂದೇ ಎಂದು ನಾನು.

ಈ ನಿಯಮ ನನಗೆ ಹುಟ್ಟಿನಿಂದ ಬಂದದ್ದಲ್ಲ, ಹುಬ್ಬಳ್ಳಿಯಿಂದ ಬಂದದ್ದು. ಜಮಖಂಡಿಯಲ್ಲಿ ನಾನು ಒಂದು ದಿನಪತ್ರಿಕೆಯ ತಾಲೂಕು ವರದಿಗಾರನಾಗಿ ಸೇರಿದಾಗ ನಮ್ಮ ಜಿಲ್ಲೆ ಹೊಸದಾಗಿ ಆಗಿತ್ತು. ಸುದ್ದಿಯನ್ನು ಕವರಿನಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವ ಕಾಲ. ಅಲ್ಲಿಯ ಕಚೇರಿಯ ಮುಖ್ಯ ಉಪಸಂಪಾದಕರು ಫೋನಿನಲ್ಲಿ ನಮಸ್ಕಾರದ ಬದಲು "ಖಚಿತವೇ?" ಎನ್ನುತ್ತಿದ್ದರು. ಮಳೆಗಾಲ ಬಂದರೆ ಬ್ಯಾರೇಜಿನ ಗೇಟು ಎತ್ತಿದರು, ನದಿ ಊರಿಗೆ ಬಂತು ಎಂಬ ಗಾಳಿಸುದ್ದಿ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹೊರಡುತ್ತಿತ್ತು. ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆ ಬಿಟ್ಟು, ನೂಲಿನ ಗಂಟು ಹೊತ್ತು ಜನ ಮಾಳಿಗೆ ಹತ್ತುತ್ತಿದ್ದರು. ನಾನು ಸೈಕಲ್ ಹತ್ತಿ ಹೊಳೆಯ ದಂಡೆಗೆ ಹೋಗಿ ನೀರನ್ನು ಕಣ್ಣಾರೆ ನೋಡಿ, ಅದು ಇದ್ದಲ್ಲಿಯೇ ಇದೆ ಎಂದು ಬರೆಯುತ್ತಿದ್ದೆ. ನೀರು ಇದ್ದಲ್ಲಿಯೇ ಇದೆ ಎಂಬ ಸುದ್ದಿಗೆ ಯಾವ ಪತ್ರಿಕೆಯೂ ಮುಖಪುಟ ಕೊಡುವುದಿಲ್ಲ. ಆದರೆ ಆ ಸುದ್ದಿ ಓದಿ ಜನ ಮಾಳಿಗೆಯಿಂದ ಇಳಿದಿದ್ದಾರೆ. ಅಷ್ಟು ನನಗೆ ಸಾಕು.

ಇಂಥವನ ಕೈಗೆ ಕುಸ್ತಿಯ ಮೈಕು ಹೇಗೆ ಬಂತು ಎಂದು ನೀವು ಕೇಳಬಹುದು. ಮಹಾಲಿಂಗಪುರದ ಹಾದಿಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ, ಇಂದಿಗೂ ಅಲ್ಲಿಂದ ನನಗೆ ಸುದ್ದಿ ಬರಬೇಕು. ಅಲ್ಲಿ ಕಾರಹುಣ್ಣಿಮೆಯ ಮರುದಿನ ಕುಸ್ತಿ. ನಾನು ವರದಿಗೆಂದು ಹೋಗಿದ್ದೆ. ಬೆಳಗಿನಿಂದ ವೀಕ್ಷಕ ವಿವರಣೆ ಕೊಡುತ್ತಿದ್ದ ಕನ್ನಡ ಸಾಲೆಯ ಮಾಸ್ತರರ ಗಂಟಲು ಮಧ್ಯಾಹ್ನದ ಹೊತ್ತಿಗೆ ಕೆಟ್ಟು ಕೂತಿತು. ಮೈಕ್‌ಸೆಟ್ಟಿನ ಶಿವಲಿಂಗ ಸುತ್ತ ನೋಡಿದ, ಬಿಳಿ ಅಂಗಿಯವನು ನಾನೊಬ್ಬನೇ ಕಂಡೆ. "ಸರ್, ನೀವ ಪೇಪರ್‌ನವ್ರು. ಬರ್ಯಾಕ ಬರ್ತೈತಿ ಅಂದಮ್ಯಾಲ ಮಾತಾಡಾಕ ಬರೂದಿಲ್ಲೇನ್ರಿ?" ಎಂದು ಮೈಕು ಕೈಗಿತ್ತ. ಬರೆಯುವುದಕ್ಕೂ ಮಾತಾಡುವುದಕ್ಕೂ ಸಂಬಂಧವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ಅಷ್ಟೂ ಧ್ವನಿವರ್ಧಕದಲ್ಲಿ ಹೋಯಿತು. ಹಾಗೆ ನನ್ನ ವೃತ್ತಿಜೀವನದ ಎರಡನೆಯ ಶಾಖೆ ಆರಂಭವಾಯಿತು. ನಂತರ ಸಾವಳಗಿಯಲ್ಲಿ ಕಬಡ್ಡಿಗೆ ಕರೆದರು, ಮುಧೋಳದ ಕಡೆ ಎತ್ತಿನ ತೆರೆಬಂಡಿ ಸ್ಪರ್ಧೆಗೆ ಕರೆದರು. ಎಲ್ಲಿ ಹೋದರೂ ನನ್ನ ವಿವರಣೆ ಒಂದೇ ಹದದ್ದು: ಯಾರು, ಯಾವ ಊರು, ಏನು ಮಾಡಿದ, ತೀರ್ಪು ಕೊಡುವ ಪಂಚರು ಏನೆಂದರು. "ಪೈಲ್ವಾನನು ಎದುರಾಳಿಯ ಕಾಲಿಗೆ ಕೈ ಹಾಕಿದ್ದಾನೆ. ಫಲಿತಾಂಶ ಇನ್ನೂ ತಿಳಿದುಬಂದಿಲ್ಲ." ಮೊದಲ ವರ್ಷ ಜನ ನಕ್ಕರು. ಆಮೇಲೆ ನಗುವುದು ರೂಢಿಯಾಯಿತು. ರೂಢಿಯಾದ ಮೇಲೆ ನನ್ನನ್ನು ಬಿಡಲಾರದಾದರು.

ಆ ಊರಿನ ಕುಸ್ತಿಗೆ ಒಂದು ಪದ್ಧತಿ ಇದೆ. ಕಣದ ಬದಿಯಲ್ಲಿ ಹಲಗಿ ವಾದ್ಯದವರು ನಿಂತಿರುತ್ತಾರೆ. ಮೈಕಿನಲ್ಲಿ "ಚಿತ್" ಎಂಬ ಮಾತು, ಎಂದರೆ ಎರಡೂ ಭುಜ ನೆಲ ಮುಟ್ಟಿ ಸೋತ ಎಂಬ ಸುದ್ದಿ, ಬಂದ ಕೂಡಲೇ ಹಲಗಿ ಬಾರಿಸಬೇಕು. ಹಲಗಿಯ ಪೆಟ್ಟು ಬಿದ್ದ ಕೂಡಲೇ ಗೆದ್ದವನ ತಲೆಗೆ ಗುಲಾಲು ಬಣ್ಣದ ರುಮಾಲು, ಅಂದರೆ ಫೆಟಾ, ಸುತ್ತಬೇಕು. ಒಮ್ಮೆ ತಲೆಗೆ ಸುತ್ತಿದ ಫೆಟಾವನ್ನು ಮುಂದೆ ಯಾರೂ ಬಿಚ್ಚುವಂತಿಲ್ಲ. ಪಂಚರು ಹೇಳಿದರೂ ಇಲ್ಲ, ತಪ್ಪಾಗಿದೆ ಎಂದು ಸುತ್ತಿದವನೇ ಬಾಯಿಬಿಟ್ಟರೂ ಇಲ್ಲ. ಸುತ್ತಿದ ಫೆಟಾ ಬಿಚ್ಚುವುದೆಂದರೆ ಒಬ್ಬನ ತಲೆಗೆ ಕೈ ಹಾಕಿದಂತೆ. ಅಲ್ಲಿಂದ ಮುಂದೆ ನಡೆಯುವುದು ಕುಸ್ತಿಯಲ್ಲ. ಹಾಗಾಗಿ ಆ ಊರಲ್ಲಿ ಮೈಕು ಹಿಡಿದವನ ನಾಲಿಗೆ ಸ್ವಲ್ಪ ಆತುರಪಟ್ಟರೆ ಸೋಲದವನು ಸೋತಂತೆಯೇ. ನನ್ನಂಥ ನಿಧಾನಿಗೆ ಹೇಳಿ ಮಾಡಿಸಿದ ಜಾಗ ಎಂದುಕೊಂಡಿದ್ದೆ. ಅಷ್ಟರಲ್ಲಿ ಕೇಬಲ್ ಟೀವಿ ಬಂತು.

ಕುಸ್ತಿ ಕಮಿಟಿಯ ಅಧ್ಯಕ್ಷರು ಬಸಗೊಂಡ ಸಾವುಕಾರರು. ಬೆಲ್ಲದ ವ್ಯಾಪಾರ, ಕಬ್ಬಿನ ಹೊಲ, ಊರಿಗೇ ದೊಡ್ಡ ಟೀವಿ. ಒಂದು ಭಾನುವಾರ ಮಧ್ಯಾಹ್ನ ಹೇಳಿಕಳಿಸಿದರು. ಹೋದೆ. ಟೀವಿಯಲ್ಲಿ ಅಮೆರಿಕದ ಕುಸ್ತಿ. ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಎಮ್ಮೆಯಂಥ ಇಬ್ಬರು, ಒಬ್ಬನ ಕೈಯಲ್ಲಿ ಕಬ್ಬಿಣದ ಕುರ್ಚಿ. ಸಾವುಕಾರರು ನನಗೆ ತೋರಿಸಬೇಕೆಂದಿದ್ದದ್ದು ಅವರನ್ನಲ್ಲ. ಕೆಳಗೆ ಮೇಜಿನ ಮುಂದೆ ಟೈ ಕಟ್ಟಿಕೊಂಡು, ಕಿವಿಗೆ ಯಂತ್ರ ಹಚ್ಚಿಕೊಂಡು ಕೂತ ಒಬ್ಬ ಮಧ್ಯವಯಸ್ಸಿನ ಮನುಷ್ಯನನ್ನು.

"ನೋಡ್ರಿ ಸರ್, ಹೆಂಗ ಒದರ್ತಾನ! ಅಲ್ಲಿ ಕುರ್ಚಿ ಬಿದ್ರ ಇಲ್ಲಿ ಇವನ ಜೀವಾ ಹೋದಂಗ ಮಾಡ್ತಾನ."

"ಏನಂತಾನ್ರಿ ಅವ?"

"ಅದು ಯಾರಿಗಿ ತಿಳೀತೈತ್ರಿ? ತಿಳೀದಿದ್ರೂ ಮೈ ಜುಮ್ ಅಂತೈತಿ. ನಿಮ್ದು ಪೂರಾ ತಿಳೀತೈತಿ, ಏನೂ ಅನಸೂದಿಲ್ಲ."

ಇದಕ್ಕೆ ಪ್ರತಿಕ್ರಿಯೆ ನೀಡಲು ನಾನು ನಿರಾಕರಿಸಿದೆ. ಆದರೆ ವೃತ್ತಿಯ ದೃಷ್ಟಿಯಿಂದ ಆ ಮನುಷ್ಯನನ್ನು ಮನಸ್ಸಿಟ್ಟು ನೋಡಿದೆ. ಗಂಟಲು ಒಳ್ಳೆಯದು, ಅದನ್ನು ಒಪ್ಪಬೇಕು. ಉಸಿರು ಉದ್ದ. ಆದರೆ ಅವನು ಕುರ್ಚಿ ಬೀಳುವುದಕ್ಕೆ ಮೊದಲೇ ಕೂಗುತ್ತಾನೆ! ಬಿದ್ದ ಮೇಲೆ ಇನ್ನೊಮ್ಮೆ ಕೂಗುತ್ತಾನೆ. ಯಾರನ್ನೂ ಕೇಳುವುದಿಲ್ಲ, ಏನನ್ನೂ ಖಚಿತಪಡಿಸಿಕೊಳ್ಳುವುದಿಲ್ಲ. ಇಂಥವನು ನಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಒಂದು ವಾರ ಉಳಿಯುತ್ತಿರಲಿಲ್ಲ.

ಮನೆಗೆ ಬರುವ ಹಾದಿಯುದ್ದಕ್ಕೂ ಅವನದೇ ಯೋಚನೆ. ಅವನೂ ಎಲ್ಲೋ ತಾಲೂಕು ಮಟ್ಟದಲ್ಲಿಯೇ ಆರಂಭಿಸಿರಬೇಕು. ಅಲ್ಲಿಯೂ ತಾಲೂಕುಗಳು ಇಲ್ಲದೆ ಹೋಗುವುದಿಲ್ಲ. ಯಾವುದೋ ಸಾಲೆಯ ಮೈದಾನದಲ್ಲಿ ಅವನಿಗೂ ಒಬ್ಬ ಶಿವಲಿಂಗ ಮೈಕು ಕೊಟ್ಟಿರಬೇಕು. ಮೊದಲ ದಿನ ಅವನೂ ಕಂಡದ್ದನ್ನಷ್ಟೇ ಹೇಳಿರಬೇಕು. ಆಮೇಲೆ ಯಾವನೋ ಅಮೆರಿಕದ ಬಸಗೊಂಡ ಬಂದು "ಒದರ್ರಿ ಸರ್" ಎಂದಿರಬೇಕು, ಇವನು ಒದರಿರಬೇಕು. ಒದರಿದ್ದಕ್ಕೆ ಜಿಲ್ಲೆಗೆ ಬಡ್ತಿ, ಇನ್ನಷ್ಟು ಒದರಿದ್ದಕ್ಕೆ ರಾಜಧಾನಿಗೆ. ಕಡೆಗೆ ಟೈ ಬಂದಿರಬೇಕು, ಮೇಜು ಬಂದಿರಬೇಕು. ಇಷ್ಟೂ ನನ್ನ ಊಹೆ. ಸ್ವತಂತ್ರ ಮೂಲಗಳಿಂದ ದೃಢಪಟ್ಟಿಲ್ಲ. ಗಿರಿಜಾಳ ಮುಂದೆ ಇದನ್ನೆಲ್ಲ ಹೇಳಿ, "ಇಂಥವನ ಹೆಂಡ್ತಿ ಸಾರು ಹೆಂಗ ಆಗೇತಿ ಅಂತ ಕೇಳಿದ್ರ ಏನ್ ಮಾಡ್ತಿರಬೇಕು ಹೇಳು? ಬಟ್ಟಲಾ ಮುಟ್ಟೂಕಿಂತ ಮೊದ್ಲ ಎದ್ದ ನಿಂತು ಕೂಗ್ತಿರಬೇಕು!" ಎಂದೆ. ಅವಳು ಸೌಟು ಕೈಯಲ್ಲೇ ಹಿಡಿದು ನಿಟ್ಟುಸಿರು ಬಿಟ್ಟಳು. "ಪುಣ್ಯಾ ಮಾಡ್ಯಾಳ ಅಕಿ" ಎಂದಳು.

ಕಾರಹುಣ್ಣಿಮೆ ಹತ್ತಿರ ಬಂದಾಗ ಸಾವುಕಾರರು ಸೀದಾ ಮಾತಿಗೆ ಬಂದರು. ದೊಡ್ಡ ಜೋಡಿ ಎಂದರೆ ಆ ಊರಿನ ಸದಾಶಿವ, ಬೀಳಗಿ ಕಡೆಯ ಹನಮಂತ. ಸದಾಶಿವ ಗೆಲ್ಲಬೇಕೆಂಬುದು ಊರಿನ ಆಸೆ, ಅದರಲ್ಲಿ ತಪ್ಪಿಲ್ಲ. "ಈ ಸಲ ಅಮೆರಿಕಾದವನಂಗ ಆಗಬೇಕ್ರಿ. ನಮ್ಮ ಹುಡುಗ ಕೈ ಎತ್ತಿದ್ರ ಆಕಾಶಾ ಹರೀಬೇಕು. ಆಗೂದಿಲ್ಲಾ ಅಂದ್ರ ಹೇಳಿಬಿಡ್ರಿ, ಮುಂದಿನ ವರ್ಷ ಬ್ಯಾರೆ ಮಂದಿ ನೋಡ್ತೇವಿ." ನಾನು ಹೇಳಿದೆ: "ಸಾವುಕಾರ್ರ, ಆಗಿದ್ದನ್ನ ಬೇಕಾದ್ರ ಒದರಿ ಹೇಳ್ತೇನ್ರಿ. ಆಗದ್ದನ್ನ ಪಿಸುಮಾತಿನಾಗೂ ಹೇಳೂದಿಲ್ಲ." ಮಾತು ಚೆನ್ನಾಗಿ ಬಂತು ಎಂದು ನನಗೇ ಅನ್ನಿಸಿತು. ಹೇಳಿದ ಮೇಲೆ ಮೈಕು ಹೋದೀತೆಂಬ ಭಯ ಹತ್ತಿತು. ಏಕೆಂದರೆ, ಓದುಗರೇ, ವರದಿಗಾರನಿಗೆ ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ, 'ನಮ್ಮ ಪ್ರತಿನಿಧಿಯಿಂದ' ಎಂದು ಬರುತ್ತದೆ. ಆ ಕಣದಲ್ಲಿ ವರ್ಷಕ್ಕೊಮ್ಮೆ ನಾನು ಮೈಕು ತಟ್ಟಿದಾಗ ಸಾವಿರ ತಲೆ ನನ್ನತ್ತ ತಿರುಗುತ್ತಿದ್ದವು. ಆ ಮೈಕು ಹೋದರೆ ನಾನು ಮತ್ತೆ ನಮ್ಮ ಪ್ರತಿನಿಧಿ.

ಕುಸ್ತಿಯ ದಿನ ನನ್ನ ಜಾಗ ಟ್ರ್ಯಾಕ್ಟರಿನ ಟ್ರೇಲರು. ಎತ್ತರ, ಕಣದ ಎಡಬದಿ. ಶಿವಲಿಂಗ ಯಂತ್ರದೊಂದಿಗೆ ಗಾಲಿಯ ಪಕ್ಕದಲ್ಲಿ ಕೂತಿದ್ದ. ದೊಡ್ಡ ಜೋಡಿಗೆ ಮೊದಲು ಊರಿನ ಹೆಸರು ಕೇಳಿಕೊಳ್ಳಲು ಹನಮಂತನ ಹತ್ತಿರ ಹೋದೆ. ತೆಳ್ಳಗಿನ, ಉದ್ದ ತೋಳಿನ ಹುಡುಗ. ಒಬ್ಬನೇ ಮೈಗೆ ಮಣ್ಣು ತಿಕ್ಕಿಕೊಳ್ಳುತ್ತಿದ್ದ.

"ಯಾವೂರಪಾ ನಿಂದು?"

"ಊರು ನೀರಾಗ ಐತ್ರಿ ಸರ್. ಪುನರ್ವಸತಿ ಕೇಂದ್ರ ಅನ್ರಿ."

"ನಿಮ್ಮ ಮಂದಿ ಬಂದಿಲ್ಲೇನು?"

"ಒಬ್ಬೊಬ್ರು ಒಂದೊಂದ್ ಕಡೆ ಹೋಗ್ಯಾರ್ರಿ. ಯಾರಿಗಂತ ಹೇಳೂದು? ಗರಡ್ಯಾಗ ಅಣ್ಣ ಇದ್ದ, ಅವ ಕಬ್ಬಿಗಿ ನೀರ್ ಬಿಡಾಕ ಹೋದ."

ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಊರುಗಳ ಮೇಲೆ ನಾನು ಬರೆದ ವರದಿಗಳಲ್ಲಿ ಅವನ ಊರು ಬಂದಿತ್ತು, ಹೆಸರು ನೆನಪಿತ್ತು. ಮೈಕಿನಲ್ಲಿ ಆ ಹಳೆಯ ಹೆಸರನ್ನೇ ಹೇಳಿದೆ. ಹುಡುಗ ಒಮ್ಮೆ ತಲೆ ಎತ್ತಿ ಟ್ರೇಲರಿನ ಕಡೆ ನೋಡಿದ. ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಸದಾಶಿವನ ಹೆಸರು ಹೇಳಿದಾಗ ಬೇವಿನ ಮರದ ಹಕ್ಕಿಗಳು ಹಾರಿದವು.

ಕುಸ್ತಿ ಹತ್ತಿತು. ಬಹಳ ಹೊತ್ತು ತಲೆಗೆ ತಲೆ ಕೊಟ್ಟು ನಿಂತರು. ಆಮೇಲೆ ಸದಾಶಿವ ಸೊಂಟಕ್ಕೆ ಕೈ ಹಾಕಿ, ಎತ್ತಿ, ಹನಮಂತನನ್ನು ಕೆಡವಿದ. ಕೆಂಪು ಮಣ್ಣು ಎದ್ದಿತು, ಊರೇ ಎದ್ದಿತು. ಸಾವುಕಾರರು ಹೊಸ ಫೆಟಾದ ಮಡಿಕೆ ಬಿಚ್ಚಿ ಹಿಡಿದುಕೊಂಡು ಕಣದೊಳಗೆ ಓಡಿದರು. ಪಂಚರು ಆಚೆ ಬದಿಯಲ್ಲಿದ್ದರು. ಅವರಿಗೂ ಬಿದ್ದವನಿಗೂ ನಡುವೆ ಸದಾಶಿವನ ಬೆನ್ನು, ಅದು ಸಣ್ಣ ಬೆನ್ನಲ್ಲ. ಹಲಗಿಯ ಯಮನಪ್ಪ ಕೋಲು ಎತ್ತಿ ಹಿಡಿದು ನನ್ನ ಮುಖ ನೋಡಿದ. ನನ್ನ ಬದಿಯಿಂದ ನನಗೆ ಕಾಣುತ್ತಿದ್ದದ್ದು ಇಷ್ಟು: ಹನಮಂತ ಕುತ್ತಿಗೆಯ ಮೇಲೆ ಭಾರ ಹಾಕಿ ಬಿಲ್ಲಿನಂತೆ ಬಾಗಿದ್ದ, ಅವನ ಎಡಭುಜ ನೆಲ ಮುಟ್ಟಿರಲಿಲ್ಲ. ಭುಜದ ಕೆಳಗೆ ಬೆಳಕು ಕಾಣುತ್ತಿತ್ತು.

"ಎಡಭುಜ ನೆಲಕ್ಕೆ ಮುಟ್ಟಿಲ್ಲ. ಕುಸ್ತಿ ಮುಂದುವರಿದಿದೆ" ಎಂದೆ.

"ಏ ಪೇಪರ್, ಕಣ್ಣಾಗ ಮಣ್ಣ ಬಿತ್ತೇನೋ?" ಎಂದು ಒಂದು ಕೂಗು. "ಬೀಳಗಿಯವ್ರು ಹೋಳಿಗಿ ಉಣಿಸ್ಯಾರೇನ್ರಿ ಸರ್?" ಎಂದು ಇನ್ನೊಂದು. ಸಾವುಕಾರರು ತಿರುಗಿ ನನ್ನತ್ತ ಕೈ ಮಾಡಿ, "ಚಿತ್ ಅನ್ರಿ!" ಎಂದರು. ನಾನು ಅದೇ ವಾಕ್ಯವನ್ನು ಅದೇ ಧ್ವನಿಯಲ್ಲಿ ಮತ್ತೆ ಹೇಳಿದೆ. ಅವರು ಶಿವಲಿಂಗನ ಕಡೆ ನೋಡಿ ಕತ್ತು ಕೊಯ್ಯುವ ಹಾಗೆ ಬೆರಳಾಡಿಸಿದರು. ಶಿವಲಿಂಗ ನನ್ನತ್ತ ನೋಡಿ, "ನಾ ಏನ್ ಮಾಡ್ಲಿರಿ ಸರ್, ನಂದೂ ಹೊಟ್ಟಿ" ಎಂದು ಸ್ವಿಚ್ ತೆಗೆದ. ಮೈಕಿನೊಳಗೆ ನನ್ನ ಮೂರನೆಯ ವಾಕ್ಯ ಹುಟ್ಟಲೇ ಇಲ್ಲ.

ಆಗ ಏನಾಯಿತೆಂದು ನಾನು ಸರಿಯಾಗಿ ವರದಿ ಮಾಡಲಾರೆ, ಏಕೆಂದರೆ ಮಾಡಿದವನು ನಾನೇ. ಮೈಕನ್ನು ಟ್ರೇಲರಿನ ಮೇಲಿಟ್ಟು, ಅಂಚಿಗೆ ಬಂದು, ಅಮೆರಿಕದವನೂ ಬೆಚ್ಚಿ ಬೀಳುವ ಹಾಗೆ ಒದರಿದೆ. "ಮುಟ್ಟಿಲ್ಲ! ಭುಜಾ ಮುಟ್ಟಿಲ್ಲ! ಯಮನಪ್ಪಾ, ಕೋಲ್ ಇಳಸಬ್ಯಾಡ! ಪಂಚರ, ಕೈ ಹಾಕಿ ನೋಡ್ರಿ!" ನನ್ನೊಳಗೆ ಅಂಥ ಗಂಟಲು ಇದೆಯೆಂದು ನನಗೆ ತಿಳಿದಿರಲಿಲ್ಲ, ಇಷ್ಟು ವರ್ಷ ಖರ್ಚಾಗದೆ ಉಳಿದಿತ್ತು. ಹಲಗಿ ಬೀಳಲಿಲ್ಲ. "ಬಡಿಯೋ ಯಮನ್ಯಾ!" ಎಂದು ಸಾವುಕಾರರು ಗದರಿದರೆ, "ಸರ್ ಹೇಳೂತನಕ ಹೆಂಗ ಬಡೀಲ್ರಿ? ಪದ್ಧತಿ ಐತಲ್ರಿ" ಎಂದು ಯಮನಪ್ಪ ಕೋಲು ಎತ್ತಿದ ಹಾಗೆಯೇ ನಿಂತ. ಹಲಗಿ ಬೀಳದೆ ಫೆಟಾ ಸುತ್ತುವಂತಿಲ್ಲ. ಫೆಟಾ ಸಾವುಕಾರರ ಕೈಯಲ್ಲಿ ಒಣಹಾಕಿದ ಸೀರೆಯಂತೆ ಜೋತುಬಿತ್ತು. ಪಂಚರು ಮಂಡಿಯೂರಿ ಬಂದು ಹನಮಂತನ ಎಡಭುಜದ ಕೆಳಗೆ ಅಂಗೈ ತೂರಿಸಿದರು. ಅಂಗೈ ಆ ಕಡೆಯಿಂದ ಹೊರಬಂತು. "ಕೈ ಹೊಕ್ಕತಿ. ನಡೀಲಿ ಕುಸ್ತಿ" ಎಂದರು.

ಇಲ್ಲಿಗೆ ಕಥೆ ನಿಲ್ಲಿಸಿ ಹನಮಂತ ಗೆದ್ದ ಎಂದುಬಿಟ್ಟರೆ ಕೇಳಲು ಸೊಗಸು. ಅಮೆರಿಕದವನಾಗಿದ್ದರೆ ಹಾಗೆಯೇ ಹೇಳುತ್ತಿದ್ದ. ನಡೆದದ್ದು ಬೇರೆ. ಹನಮಂತ ಮೀನಿನಂತೆ ಜಾರಿ ಎದ್ದ, ಸದಾಶಿವನನ್ನು ಕಣದ ತುಂಬ ತಿರುಗಿಸಿದ, ಒಮ್ಮೆ ಬಗ್ಗಿಸಿಯೂ ಇಟ್ಟ. ಬೈದಿದ್ದ ಜನವೇ ಬಾಯಿ ತೆರೆದು ನೋಡಿತು, ಯಾರೋ ಮುದುಕ "ಭಲೇ ಬೀಳಗಿ!" ಎಂದುಬಿಟ್ಟ. ಕೊನೆಗೆ ಸದಾಶಿವ ಕಾಲಿಗೆ ಕಾಲು ಹಾಕಿ ಕೆಡವಿ ಮೇಲೆ ಕೂತ. ಎರಡೂ ಭುಜ ನೆಲಕ್ಕೆ ಅಂಟಿದವು. ಬೆಳಕು ಎಲ್ಲಿಯೂ ಕಾಣಲಿಲ್ಲ. ನಾನು ನೋಡಿದೆ, ಪಂಚರ ಕೈ ಮೇಲೇಳುವವರೆಗೆ ಕಾದೆ, ಮೈಕಿಲ್ಲದೆಯೇ ಒಡೆದ ಗಂಟಲಿನಿಂದ "ಚಿತ್!" ಎಂದೆ. ಹಲಗಿ ಬಿತ್ತು.

ಟ್ರೇಲರು ಇಳಿದಾಗ ನನ್ನ ಜೊತೆ ಮಾತಾಡುವವರಿರಲಿಲ್ಲ. ಊರಿನವರಿಗೆ ನಾನು ಅವರ ಗೆಲುವನ್ನು ತಡಮಾಡಿದವನು. ಸೋತವನಿಗೆ ನಾನು ಏನೂ ಗೆಲ್ಲಿಸಿಕೊಟ್ಟಿರಲಿಲ್ಲ. ಹನಮಂತ ಮೈಯ ಮಣ್ಣು ಒರೆಸಿಕೊಳ್ಳುತ್ತ ಬಂದ.

"ಎರಡನೇ ಸಲ ಖರೇನ ಮುಟ್ಟಿತ್ತೇನ್ರಿ ಸರ್? ನನಗ ತಿಳೀಲಿಲ್ಲ, ಮಣ್ಣು ಬಾಳ ಮೆತ್ತಗಿತ್ತು."

ಧ್ವನಿ ಇರಲಿಲ್ಲ. ಹೌದೆಂದು ತಲೆ ಆಡಿಸಿದೆ.

"ಹಂಗಾರ ಬಿದ್ದೇನಿ ಬಿಡ್ರಿ" ಎಂದ. ಬೇರೆ ಯಾರನ್ನೂ ಅವನು ಕೇಳಲಿಲ್ಲ. ಚೀಲ ಹೆಗಲಿಗೇರಿಸಿ, ಬಸ್ ಸ್ಟ್ಯಾಂಡಿನ ಹಾದಿ ಹಿಡಿದವನು ಸ್ವಲ್ಪ ದೂರ ಹೋಗಿ ತಿರುಗಿ, "ಊರ ಹೆಸರು ಛಲೋ ಹೇಳಿದ್ರಿ ಸರ್" ಎಂದ.

ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಬೇರೆ ಮಂದಿ ಬಂದರು, ಒದರಿದರು, ಆಕಾಶ ಹರಿಯಿತು. ನಾನು ವರದಿಗಾರನಾಗಿ ಹೋಗಿ ನೆಲದ ಮೇಲೆ ಜನರ ನಡುವೆ ಕೂತೆ. ಮೈಕು "ಬಿದ್ದ, ಬಿದ್ದ" ಎಂದು ಅರಚುವಾಗೆಲ್ಲ ಅಕ್ಕಪಕ್ಕದವರು ನನ್ನ ಕಡೆ ಬಗ್ಗಿ, "ಖರೆ ಬಿದ್ದನೇನ್ರಿ ಸರ್?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ" ಎನ್ನುತ್ತಿದ್ದೆ. ಸಾವಿರ ತಲೆ ಹೋಗಿ ಹತ್ತಿಪ್ಪತ್ತು ಕಿವಿ ಉಳಿದಿದ್ದವು. ಇದರಿಂದ ನನ್ನ ಜಂಬ ಕಡಿಮೆಯಾಗಿದೆ ಎಂದು ಯಾರಾದರೂ ತಿಳಿದರೆ ಆ ಸುದ್ದಿ ನಿರಾಧಾರ.

ಆದರೆ ಸ್ವಿಚ್ ತೆಗೆದ ದಿನದ ಸುದ್ದಿ ಅಷ್ಟಕ್ಕೇ ಮುಗಿಯಲಿಲ್ಲ. ಅಂದು ಸಂಜೆ ಮನೆಗೆ ಬರುವಷ್ಟರಲ್ಲಿ ಕುಸ್ತಿಯ ವರ್ತಮಾನ ನನಗಿಂತ ಮೊದಲೇ ಬಂದಿತ್ತು. ಗಿರಿಜಾ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಚಟ್ನಿಪುಡಿಯಂಥ ಶೇಂಗಾ ಹಿಂಡಿ ಬಡಿಸಿ, ಎದುರಿಗೆ ಕೂತಳು. ಎಣಗಾಯಿ ಅವಳು ಹಬ್ಬಕ್ಕೂ ಅಷ್ಟು ಮನಸ್ಸಿಟ್ಟು ಮಾಡಿದವಳಲ್ಲ. ನಾನು ಒಂದು ತುತ್ತು ಬಾಯಿಗಿಟ್ಟೆ.

"ಹೊಳಿ ದಂಡಿತನಕ ಕೇಳಸೂ ಹಂಗ ಒದರೀರಿ ಅಂತ. ಅಂದಮ್ಯಾಲ ನಿಮಗ ಬರ್ತೈತಿ ಅಂದಂಗಾತು. ಈಗ ಹೇಳ್ರಿ, ಹೆಂಗ ಆಗೇತಿ?"

ಗಂಟಲಿನಿಂದ ಗಾಳಿ ಮಾತ್ರ ಬಂತು. ಅವಳಿಗೆ ಅದೂ ಗೊತ್ತಿತ್ತು. "ಮಾತ್ ಬ್ಯಾಡ್ರಿ. ಪಂಚರಂಗ ಕೈ ಎತ್ರಿ, ಸಾಕು."

ಒಂದು ಕೈ ಎತ್ತಿದ್ದರೆ ಮುಗಿಯುತ್ತಿತ್ತು. ಎಣಗಾಯಿ ಚೆನ್ನಾಗಿಯೇ ಇತ್ತು ಎಂದು ಈಗ ಹೇಳಬಲ್ಲೆ. ಆದರೆ ಸಾವಿರ ಜನರ ಎದುರು ಸಾವುಕಾರರಿಗೆ ಬಗ್ಗದವನು ಮನೆಗೆ ಬಂದು ಒಂದು ತುತ್ತಿನ ಆಧಾರದ ಮೇಲೆ ತೀರ್ಪು ಕೊಡುವುದೇ? ಬಲಗೈ ಎತ್ತದೆ, ಎಡಗೈಯಿಂದ 'ತಡಿ' ಎಂದು ಸನ್ನೆ ಮಾಡಿ, ಎರಡನೆಯ ತುತ್ತಿಗೆ ರೊಟ್ಟಿ ಮುರಿದೆ.

ಗಿರಿಜಾ ಎದ್ದಳು. ಎಣಗಾಯಿಯ ಬಟ್ಟಲನ್ನು ನನ್ನ ಮುಂದಿನಿಂದ ಎತ್ತಿಕೊಂಡು, "ಖಚಿತ ಆದಮ್ಯಾಲ ಹೇಳ್ರಿ, ತಂದಿಡ್ತೇನಿ" ಎಂದು ಒಳಗೆ ಹೋದಳು. ಒಂದೇ ದಿನದಲ್ಲಿ ಎರಡನೆಯ ಸಲ ನನ್ನ ಸ್ವಿಚ್ ತೆಗೆದರು. ಮುರಿದ ರೊಟ್ಟಿಯನ್ನು ಹಿಂಡಿಗೆ ಹಚ್ಚಿಕೊಂಡು ತಿಂದೆ. ಹಿಂಡಿ ಖಾರವಾಗಿತ್ತು. ಇದು ಖಚಿತ.